ಸುಣ್ಣದ ಗೋಡೆಯ ಮೇಲೆ ಎರಡು ಕೆಂಪು

ಮೋಟಾರು ವಾಹನಗಳ ಕಸುಬಿನಲ್ಲಿ ಕೀರ್ತಿಯೆಂಬುದು ಯಾವಾಗಲೂ ಮುಂಭಾಗಕ್ಕೇ ಸಲ್ಲುತ್ತದೆ. ಎಂಜಿನ್ ಬಿಚ್ಚಿ ಕಟ್ಟಿದವನಿಗೆ ಹೆಸರುಂಟು, ಸ್ಟೇರಿಂಗ್ ಹಿಡಿದವನಿಗೆ ಹೆಸರುಂಟು, ಮುಂದಿನ ಗಾಜಿನ ಮೇಲೆ ದೇವರ ನಾಮವನ್ನು ಬಣ್ಣದಲ್ಲಿ ಬರೆದವನಿಗೂ ಒಂದಿಷ್ಟು ಹೆಸರುಂಟು. ಬಸ್ಸಿನ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು, ಕೆಸರು ಒಣಗಿದ ತಗಡನ್ನು ಒರೆಸಿ, ಕೆಂಪು ದೀಪ ಯಾಕೆ ಹತ್ತುತ್ತಿಲ್ಲವೆಂದು ಹುಡುಕುವವನ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅಂಥ ಕಸುಬಿಗೆ ದಾವಣಗೆರೆ ಹರಿಹರಗಳ ನಡುವೆ ಒಂದು ಮರ್ಯಾದೆಯನ್ನು ತಂದುಕೊಟ್ಟವರು ಶ್ರೀ ಗೋಣೆಪ್ಪನವರು. ಹೊಳೆಸಾಲು ಮೋಟಾರ್ ಸರ್ವಿಸ್ಸಿನಲ್ಲಿ ಮೂವತ್ತೆಂಟು ವರ್ಷ ಎಲೆಕ್ಟ್ರಿಷಿಯನ್ನರಾಗಿ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರ ಗೌರವಾರ್ಥವಾಗಿ ಈ ಸಂಪುಟ ಹೊರಬರುತ್ತಿದೆ.

ಸಂತೋಷದ ಸಂಗತಿಯೇ. ಆದರೆ ಒಂದು ಅಪಘಾತಕ್ಕೆ ಗೋಣೆಪ್ಪನವರ ನಿರ್ಲಕ್ಷ್ಯವೇ ಕಾರಣವೆಂದು ಹೇಳುವ ಎಂಟು ವರ್ಷದ ಹಿಂದಿನ ಹಾಳೆಯೊಂದು ಅದೇ ಸಂಸ್ಥೆಯ ಕಡತದಲ್ಲಿ ಇಂದಿಗೂ ಭದ್ರವಾಗಿದೆ. ಒಂದು ಕೈಯಲ್ಲಿ ಆ ಹಾಳೆಯನ್ನು ಮುಚ್ಚಿಹಿಡಿದು ಇನ್ನೊಂದು ಕೈಯಲ್ಲಿ ಶಾಲು ಚಾಚುವುದನ್ನು ಅಭಿನಂದನೆಯೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಆ ಹಾಳೆ ಹಿಂದಕ್ಕೆ ಬರಬೇಕು, ತಾವು ಡಿಪೋದ ಗೇಟು ದಾಟುವ ಮುಂಚೆ ಬರಬೇಕು ಎಂಬುದೊಂದೇ ಗೋಣೆಪ್ಪನವರ ಆಸೆ. ಸಂಪುಟದ ಸಮಿತಿಯವರು ಆ ವಿಷಯವೊಂದನ್ನು ಬಿಟ್ಟು ಬರೆಯಬೇಕೆಂದು ವಿನಯದಿಂದ ಕೇಳಿಕೊಂಡಿದ್ದಾರೆ. ಅದನ್ನು ಬಿಟ್ಟರೆ ಬರೆಯಲು ಉಳಿಯುವುದು ಹುಟ್ಟಿದ ಊರು, ಕೆಲಸಕ್ಕೆ ಸೇರಿದ ತಾರೀಖು ಇವೆರಡೇ. ಆದ್ದರಿಂದ ಅಷ್ಟೇ ವಿನಯದಿಂದ ಆ ಕೋರಿಕೆಯನ್ನು ಇಲ್ಲಿ ಪಕ್ಕಕ್ಕಿಡಲಾಗಿದೆ.

ಗೋಣೆಪ್ಪನವರು ಹುಟ್ಟಿದ್ದು ಹರಿಹರದ ಮಗ್ಗುಲಿನ ಗುತ್ತೂರಿನಲ್ಲಿ. ತಂದೆ ಬೇಗ ತೀರಿಕೊಂಡರು. ತಾಯಿ ತಿಮ್ಮವ್ವ ನಾಲ್ಕಾರು ಕುರಿ ಮೇಯಿಸಿಕೊಂಡು ಮಗನನ್ನು ಸಾಕಿದಾಕೆ. ಆಕೆ ಹೇಳುತ್ತಿದ್ದ ಕತೆಯೊಂದನ್ನು ಗೋಣೆಪ್ಪನವರು ಈಗಲೂ ಹೇಳುತ್ತಾರೆ. ಒಂದೂರಿನಲ್ಲಿ ಒಬ್ಬ ಕುರಿಗಾಹಿ ಇದ್ದನಂತೆ. ಹಿಂಡಿನ ಮುಂದೆ ನಡೆಯುವ ಟಗರಿನ ಕೊರಳಿಗೆ ಕಂಚಿನ ಗಂಟೆ ಕಟ್ಟಿ ಜಂಬದಿಂದ ತಿರುಗುತ್ತಿದ್ದನಂತೆ. ದಿನಾ ಸಂಜೆ ಹಟ್ಟಿಗೆ ಬಂದು ಎಣಿಸಿದರೆ ಒಂದು ಕುರಿ ಕಡಿಮೆ. ತೋಳವನ್ನು ಬೈದ, ಕಳ್ಳರನ್ನು ಬೈದ, ಕೊನೆಗೆ ದೇವರನ್ನೂ ಬೈದ. ಹಟ್ಟಿಯ ಮುದುಕಿಯೊಬ್ಬಳು ಟಗರಿನ ಗಂಟೆ ಬಿಚ್ಚಿ ಎಲ್ಲಕ್ಕಿಂತ ಹಿಂದೆ ಕುಂಟುತ್ತ ಬರುವ ಕುರಿಗೆ ಕಟ್ಟಿದಳು. ಅಂದಿನಿಂದ ಅವನು ಮುಂದೆ ನಡೆದರೂ ಕಿವಿ ಹಿಂದೆ ಇರುತ್ತಿತ್ತು. ಗಂಟೆ ನಿಂತರೆ ಹಿಂಡು ನಿಲ್ಲುತ್ತಿತ್ತು. ‘ಮುಂದಿಂದಕ್ಕ ದಾರಿ ಗೊತ್ತಿರ್ತೈತೆ, ಹಿಂದಿಂದಕ್ಕ ಗಂಟೆ ಕಟ್ಟು’ ಎಂದು ತಿಮ್ಮವ್ವ ಕತೆ ಮುಗಿಸುತ್ತಿದ್ದಳಂತೆ. ಆ ತಾಯಿಯ ಮಗ ಬೆಳೆದು ಬಸ್ಸಿನ ಹಿಂಬದಿ ದೀಪ ನೋಡುವ ಕೆಲಸಕ್ಕೆ ಬಂದದ್ದನ್ನು ದೈವಸಂಕಲ್ಪ ಎನ್ನದೆ ಬೇರೇನೆನ್ನಬೇಕೋ ತಿಳಿಯದು.

ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಅವರು ದಾವಣಗೆರೆಯ ಡಿಪೋ ಸೇರಿದರು. ದೀಪ ಹತ್ತದಿದ್ದರೆ ಹೊಸಬರು ಮೊದಲು ಬಲ್ಬು ಬದಲಿಸುತ್ತಾರೆ, ಆಮೇಲೆ ಫ್ಯೂಸು, ಆಮೇಲೆ ಬ್ರೇಕಿನ ಸ್ವಿಚ್ಚು. ಅದೃಷ್ಟವಿದ್ದರೆ ಹತ್ತುತ್ತದೆ, ನಾಲ್ಕು ದಿನಕ್ಕೆ ಮತ್ತೆ ಆರುತ್ತದೆ. ಗೋಣೆಪ್ಪನವರು ಬಲ್ಬಿಗೆ ಕೈಹಾಕುತ್ತಿದ್ದುದು ಎಲ್ಲಕ್ಕಿಂತ ಕೊನೆಗೆ. ಮೊದಲು ಯಾರಿಂದಲಾದರೂ ಬ್ರೇಕ್ ತುಳಿಸಿ ತಾವು ಹಿಂದೆ ನಿಲ್ಲುವರು. ಬ್ರೇಕ್ ತುಳಿದಾಗ ಪಕ್ಕದ ಇಂಡಿಕೇಟರು ಸುಮ್ಮಸುಮ್ಮನೆ ಮಿಣುಕಿದರೆ, ಇಲ್ಲವೇ ಉರಿಯುತ್ತಿದ್ದ ಕೆಂಪು ದೀಪ ಕುಗ್ಗಿದರೆ, ತಲೆಯಾಡಿಸಿ ಒಂದು ಉದ್ದನೆಯ ತಂತಿ ತರುವರು. ಅದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ದೀಪದ ತಗಡಿಗೆ ಮುಟ್ಟಿಸುವರು. ಮುಟ್ಟಿಸಿದೊಡನೆ ದೀಪ ಜಗ್ಗನೆ ಹತ್ತಿದರೆ ರೋಗ ಸಿಕ್ಕಿದಂತೆ: ಕರೆಂಟು ದೀಪದ ತನಕ ಬರುತ್ತಿದೆ, ಬಂದದ್ದು ಬ್ಯಾಟರಿಗೆ ಮರಳುವ ದಾರಿ ಕೆಟ್ಟಿದೆ. ಆ ಮರಳುವ ದಾರಿಯನ್ನೇ ಕಸುಬಿನವರು ಅರ್ತ್ ಎನ್ನುತ್ತಾರೆ.

“ಕರೆಂಟು ಬರೋದನ್ನ ಎಲ್ಲಾರೂ ನೋಡ್ತಾರೆ” ಎಂದು ಅವರು ಹೊಸಬರಿಗೆ ಹೇಳುತ್ತಿದ್ದರು. “ವಾಪಸ್ ಹೋಗಾಕ ದಾರಿ ಐತೋ ಇಲ್ಲೋ ಯಾರೂ ನೋಡಲ್ಲ. ಸಂಜಿಗೆ ಮನೀಗೆ ಹೋಗಾಕ ಬಿಡಲಿಲ್ಲ ಅಂದ್ರೆ ಯಾವ ಆಳು ದುಡಿತಾನೋ ತಮ್ಮಾ?”

ಡಿಪೋದ ಹಿಂಗೋಡೆಗೆ ಅವರು ತಾವೇ ಸುಣ್ಣ ಹೊಡೆದರು. ಬಸ್ಸು ಹೊರಡುವ ಮುನ್ನ ಡ್ರೈವರು ಆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ತುಳಿಯಬೇಕು, ಬಿಳಿಯ ಸುಣ್ಣದ ಮೇಲೆ ಎರಡು ಕೆಂಪು ಬಿದ್ದದ್ದು ಪಕ್ಕದ ಕನ್ನಡಿಯಲ್ಲಿ ಕಾಣಬೇಕು, ಆಮೇಲೆ ಗೇಟು. ಹಿಂದೆ ನಿಂತು ನೋಡುವವರು ಯಾರೂ ಇಲ್ಲವೆಂಬ ನೆಪ ಅಲ್ಲಿಗೆ ಮುಗಿಯಿತು. ಕೆಲಸ ಮುಗಿಯದ ಬಸ್ಸಿನ ಸ್ಟೇರಿಂಗಿಗೆ ಅವರೊಂದು ಕೆಂಪು ಬಟ್ಟೆ ಕಟ್ಟುತ್ತಿದ್ದರು. ಬಟ್ಟೆ ಇದ್ದರೆ ಬಸ್ಸು ಅಲುಗುವಂತಿಲ್ಲ. ಬಿಚ್ಚುವ ಹಕ್ಕು ಕಟ್ಟಿದವರದೇ. ಎಲ್ಲಿಯೂ ಬರೆದಿಡದ ಈ ಕಟ್ಟಳೆಯನ್ನು ಮೂವತ್ತು ವರ್ಷ ಯಾರೂ ಮೀರಿರಲಿಲ್ಲ.

ಅವರ ಉಪಕಾರಗಳನ್ನು ಹೇಳಹೊರಟರೆ ಅವರೇ ಸಿಟ್ಟಾಗುತ್ತಾರೆ. ಕಬ್ಬಿನ ಕಾಲದಲ್ಲಿ ಭಾನುವಾರ ಬಂತೆಂದರೆ, ಹಣೆಗೆ ವಿಭೂತಿ ಇಟ್ಟುಕೊಂಡು ಹರಿಹರದ ದಾರಿಯಲ್ಲಿ ಬೇವಿನ ಮರದಡಿ ನಿಂತು, ಬೆನ್ನಿಗೆ ದೀಪವೇ ಇಲ್ಲದ ಟ್ರಾಕ್ಟರುಗಳನ್ನು ಕೈಮಾಡಿ ನಿಲ್ಲಿಸಿ, ತಮ್ಮ ಚೀಲದ ತಂತಿ ತಮ್ಮ ಚೀಲದ ಬಲ್ಬು ಹಾಕಿ ಕಳಿಸುತ್ತಿದ್ದರು. ಒಬ್ಬ ರೈತ ‘ಮುಂದ ದೊಡ್ಡ ಲೈಟು ಐತಲ್ರೀ’ ಎಂದು ವಾದಿಸಿದಾಗ, ‘ನಿನಗ ಕಾಣಾಕ ಅದು, ನೀ ಕಾಣಾಕ ಇದು’ ಎಂದರಂತೆ. ಡ್ರೈವರೊಬ್ಬರು ಕೆಲಸದಲ್ಲಿರುವಾಗಲೇ ತೀರಿಕೊಂಡಾಗ ಅವರ ಮಗಳು ಸ್ವಾತಿಗೆ ವೈರಿಂಗ್ ಕಲಿಸಿದವರು ಇವರೇ. ಹೆಣ್ಣುಮಗಳು ಬಸ್ಸಿನಡಿ ಮಲಗುವುದೇ ಎಂದು ನಕ್ಕವರಿದ್ದರು. ಆಕೆ ಇಂದು ದೇವರಾಜ ಅರಸು ಬಡಾವಣೆಯಲ್ಲಿ ಬ್ಯಾಟರಿ ಸ್ಕೂಟರುಗಳ ರಿಪೇರಿ ಅಂಗಡಿ ಇಟ್ಟಿದ್ದಾಳೆ, ನಕ್ಕವರ ಸ್ಕೂಟರುಗಳೂ ಅಲ್ಲಿಗೇ ಹೋಗುತ್ತವೆ.

ಇನ್ನು ಆ ವಿಷಯ.

ಎರಡು ಸಾವಿರದ ಹದಿನಾರರ ಸುಮಾರಿಗೆ ಡಿಪೋದ ಬಸ್ಸುಗಳ ಹಿಂಬದಿ ದೀಪಗಳು ಒಂದಾದ ಮೇಲೊಂದು ಹಠ ಹಿಡಿದವು. ಎಷ್ಟು ಸರಿಮಾಡಿದರೂ ತಿಂಗಳೊಳಗೆ ಅದೇ ಕಾಯಿಲೆ. ಆಗಷ್ಟೇ ಬಂದಿದ್ದ ಹೊಸ ಮಾದರಿಯ ಬಸ್ಸುಗಳಲ್ಲಿ ಎರಡೂ ದೀಪಗಳ ಅರ್ತ್ ತಂತಿಗಳು ನಂಬರ್ ಪ್ಲೇಟಿನ ಕೆಳಗಿನ ಒಂದೇ ಬೋಲ್ಟಿಗೆ ಸೇರುತ್ತಿದ್ದವು, ಆ ಬೋಲ್ಟಿಗೆ ಹಸಿರು ಕಿಲುಬು ಹಿಡಿಯುತ್ತಿತ್ತು. ಉಜ್ಜಿದರೆ ಹೋಗುವುದು, ಮತ್ತೆ ಬರುವುದು. ಗೋಣೆಪ್ಪನವರು ತಿಂಗಳುಗಟ್ಟಲೆ ನೋಡಿದರು. ಹನ್ನೊಂದು ಬಸ್ಸುಗಳಲ್ಲಿ ಒಂಬತ್ತಕ್ಕೆ ಈ ಕಾಯಿಲೆ, ಎರಡಕ್ಕೆ ಇಲ್ಲವೇ ಇಲ್ಲ. ಆ ಎರಡರಲ್ಲಿ ಒಂದು ರಾತ್ರಿ ಹೊನ್ನಾಳಿಯಲ್ಲಿ ತಂಗುತ್ತಿತ್ತು, ಇನ್ನೊಂದು ಹರಪನಹಳ್ಳಿಯಲ್ಲಿ, ಬೆಳಗಿನ ಹೊತ್ತು ಅವೆರಡೂ ಡಿಪೋದಲ್ಲಿ ಇರುತ್ತಿರಲಿಲ್ಲ. ಒಂದು ದಿನ ಕಿಲುಬು ಕೆರೆದ ಬೆರಳನ್ನು ಮೂಗಿನ ಹತ್ತಿರ ತಂದಾಗ ಹಳಸಿದ ತೆಂಗಿನಕಾಯಿ ನೀರಿನ ವಾಸನೆ ಬಂತು.

ಆ ನೀರು ಎಲ್ಲಿಂದ ಬಂತೆಂಬುದು ಡಿಪೋದಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಸಂಸ್ಥೆಯನ್ನು ಕಟ್ಟಿದವರ ಪತ್ನಿ ಕೊಟ್ರವ್ವನವರು, ಎಲ್ಲರ ಬಾಯಲ್ಲಿ ಅವ್ವಾರು. ಬಹಳ ಹಿಂದೆ ಅವರ ಮೊದಲನೆಯ ಬಸ್ಸಿಗೆ ಲಾರಿಯೊಂದು ಹಿಂದಿನಿಂದ ಗುದ್ದಿಯೂ ಒಂದು ಜೀವವೂ ಹೋಗಿರಲಿಲ್ಲ. ಅಂದಿನಿಂದ ಅವ್ವಾರು ಹರಕೆ ಹೊತ್ತರು: ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಡಿಪೋದಲ್ಲಿರುವ ಪ್ರತಿ ಬಸ್ಸಿನ ಬೆನ್ನಿಗೊಂದು ಕಾಯಿ. ಎಲ್ಲರೂ ಗಾಡಿಯ ಮುಂದೆ ಕಾಯಿ ಒಡೆದರೆ ಇವರು ಹಿಂದೆ, ಬಂಪರಿನ ಮೇಲೆ ಕುಟ್ಟಿ, ನೀರನ್ನು ನಂಬರ್ ಪ್ಲೇಟಿನ ಮೇಲೆ ಎರೆಯುವರು. ಬಸ್ಸಿನ ಬೆನ್ನಿಗೂ ದೇವರಿದ್ದಾನೆಂದು ನೆನೆದ ಇಬ್ಬರೇ ಇಬ್ಬರು ಆ ಡಿಪೋದಲ್ಲಿದ್ದರು, ಅವ್ವಾರು ಮತ್ತು ಗೋಣೆಪ್ಪನವರು. ಒಬ್ಬರು ಎರೆದ ನೀರು ಇನ್ನೊಬ್ಬರು ಹಚ್ಚಿದ ದೀಪವನ್ನು ಆರಿಸುತ್ತಿತ್ತು. ಭಕ್ತಿಯಿಂದ ಆದ ತಪ್ಪು ಅದು, ತಿಳಿಸಿದ್ದರೆ ಅರೆಗಳಿಗೆಯಲ್ಲಿ ತಿದ್ದಿಹೋಗುತ್ತಿತ್ತು.

ತಿಳಿಸಲು ಬಿಡಲಿಲ್ಲ. ಗೋಣೆಪ್ಪನವರು ಹೋಗಿ ನಿಂತದ್ದು ಅವ್ವಾರ ಮಗ, ಈಗಿನ ಮಾಲೀಕ ಬಕ್ಕೇಶಪ್ಪನವರ ಮುಂದೆ. ಕೇಳಿದ್ದು ಎರಡೇ ಮಾತು: ಕಾಯಿಯನ್ನು ಹತ್ತು ಹೆಜ್ಜೆ ದೂರದ ಕಲ್ಲಿನ ಮೇಲೆ ಒಡೆಯಲಿ, ಪ್ರತಿ ದೀಪಕ್ಕೂ ಬ್ಯಾಟರಿಯಿಂದಲೇ ಬೇರೆ ಅರ್ತ್ ತಂತಿ ಎಳೆಯಲು ಒಂದೊಂದು ಬಸ್ಸನ್ನು ಅರ್ಧ ದಿನ ನಿಲ್ಲಿಸಲಿ. ಅವ್ವನ ಹರಕೆಗೆ ಕೈಹಾಕಬೇಡ ಎಂದು ಮೊದಲನೆಯದಕ್ಕೆ, ಬಸ್ಸು ನಿಲ್ಲಿಸಿದರೆ ರೂಟು ಯಾರು ಓಡಿಸುತ್ತಾರೆ ಎಂದು ಎರಡನೆಯದಕ್ಕೆ ಉತ್ತರ ಬಂತು. ಅವ್ವಾರ ಕಿವಿಗೆ ಈ ಸುದ್ದಿ ಬೀಳಕೂಡದು, ಅವರ ಮನಸ್ಸಿಗೆ ನೋವಾಗುತ್ತದೆ ಎಂಬ ತಾಕೀತೂ ಬಂತು. ಅಂದಿನಿಂದ ಗೋಣೆಪ್ಪನವರು ಪ್ರತಿ ಅಮಾವಾಸ್ಯೆಯ ಮರುದಿನ ಒಂಬತ್ತು ಬಸ್ಸುಗಳಿಗೂ ಕೆಂಪು ಬಟ್ಟೆ ಕಟ್ಟಿ, ಒಂಬತ್ತು ಬೋಲ್ಟುಗಳನ್ನು ಉಜ್ಜಿ ತೊಳೆದು, ಗೋಡೆಯ ಮೇಲೆ ಕೆಂಪು ನೋಡಿ, ಒಂದೊಂದಾಗಿ ಬಿಚ್ಚತೊಡಗಿದರು. ತಾಯಿಯ ಭಕ್ತಿಗೂ ಮಗನ ಜಿಪುಣತನಕ್ಕೂ ನಡುವೆ ಒಬ್ಬನೇ ಮನುಷ್ಯ ಉಜ್ಜುಕಾಗದ ಹಿಡಿದು ವರ್ಷದ ಮೇಲೆ ನಿಂತಿದ್ದನೆಂಬುದನ್ನು ಓದುಗರು ಗಮನಿಸಬೇಕು.

ಹದಿನೇಳರ ಒಂದು ಅಮಾವಾಸ್ಯೆಯ ಮರುದಿನ. ಏಳು ಬಸ್ಸು ಮುಗಿದಿದ್ದವು, ಎಂಟನೆಯದಕ್ಕೆ ಬಟ್ಟೆ ಇತ್ತು. ಗೋಣೆಪ್ಪನವರು ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಆ ಬಸ್ಸು ಮದುವೆಯ ದಿಬ್ಬಣ ಕೂರಿಸಿಕೊಂಡು ಹೋಗಿಯಾಗಿತ್ತು. ಸಂಜೆ ಮಬ್ಬುಗತ್ತಲಲ್ಲಿ, ಗುತ್ತೂರು ತಿರುವಿನ ಹತ್ತಿರ, ಡ್ರೈವರ್ ಮಾರುತಿ, ರಸ್ತೆ ದಾಟುತ್ತಿದ್ದ ಎಮ್ಮೆಗಳನ್ನು ಕಂಡು ಬ್ರೇಕ್ ತುಳಿದ. ಹಿಂದೆ ದೀಪ ಹತ್ತಲಿಲ್ಲ. ಹಿಂದಿನಿಂದ ಬೈಕಿನಲ್ಲಿ ಬರುತ್ತಿದ್ದವರು ಹರಿಹರದಲ್ಲಿ ಗಾಡಿಗಳ ಸೀಟು ಹೊಲಿಯುವ ಜಮಾಲುದ್ದೀನ್ ಸಾಹೇಬರು, ಹಿಂದೆ ಕುಳಿತವರು ಅವರ ಹೆಂಡತಿ ಅಮೀನಾಬೀ. ಬೈಕು ಬಸ್ಸಿನ ಬೆನ್ನಿಗೆ ಬಡಿಯಿತು. ಸಾಹೇಬರು ಬದುಕಿಕೊಂಡರು. ಅಮೀನಾಬೀಯವರ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮರುದಿನ ಗೋಣೆಪ್ಪನವರು ಆ ಬಸ್ಸನ್ನು ಹತ್ತಿ ಹುಡುಕಿದರು. ಅವರು ಕಟ್ಟಿದ್ದ ಕೆಂಪು ಬಟ್ಟೆ ಡ್ರೈವರ್ ಸೀಟಿನ ಕೆಳಗೆ ಮಡಚಿಟ್ಟಂತೆ ಸಿಕ್ಕಿತು. ಅದನ್ನು ತಮ್ಮ ಸಾಮಾನಿನ ಪೆಟ್ಟಿಗೆಯ ತಳದಲ್ಲಿ ಇಟ್ಟರು.

ಜಮಾಲುದ್ದೀನ್ ಸಾಹೇಬರು ನ್ಯಾಯಾಲಯಕ್ಕೆ ಹೋದರು. ಬಸ್ಸಿನ ದೀಪ ಉರಿಯುತ್ತಿತ್ತು, ಬೈಕಿನವರೇ ಅಡ್ಡಾದಿಡ್ಡಿ ಬಂದರು ಎಂಬುದು ಸಂಸ್ಥೆಯ ವಾದ. ಮಾರುತಿ ಹಾಗೆಯೇ ಹೇಳಿದ. ಇನ್ನುಳಿದದ್ದು ಎಲೆಕ್ಟ್ರಿಷಿಯನ್ನನ ಮಾತು. ಸಾಕ್ಷಿ ಹೇಳಬೇಕಾದ ಹಿಂದಿನ ದಿನ ಬಕ್ಕೇಶಪ್ಪನವರು ಗೋಣೆಪ್ಪನವರನ್ನು ಕರೆಸಿಕೊಂಡು ಕುರ್ಚಿ ಹಾಕಿಸಿ, ಚಹಾ ತರಿಸಿ, ಮೆಲ್ಲಗೆ ಹೇಳಿದರು.

“ಗೋಣೆಪ್ಪ, ಲೈಟು ಹತ್ತಿತ್ತು ಅಂದ್ರೆ ಎಲ್ಲಾರಿಗೂ ಚಲೋ. ಹತ್ತಿರ್ಲಿಲ್ಲ ಅಂದ್ರೆ ನಿನ್ನ ತಲಿ ಮ್ಯಾಲೆ ಬರ್ತೈತೆ ನೋಡು.”

“ಬರ್ಲಿ ಬಿಡ್ರಿ ಸಾವ್ಕಾರೆ. ಆ ಯಮ್ಮನ ಕಾಲ ಮ್ಯಾಲೆ ಆಗ್ಲೇ ಬಂದೈತೆ.”

ಚಹಾ ಹಾಗೆಯೇ ಉಳಿಯಿತು.

ನ್ಯಾಯಾಲಯದಲ್ಲಿ ಅವರು ಕಂಡದ್ದನ್ನು ಕಂಡಂತೆ ಹೇಳಿದರು. ಸಾಹೇಬರ ತಪ್ಪಿಲ್ಲವೆಂದು ತೀರ್ಪಾಯಿತು. ಡಿಪೋದ ಒಳವಿಚಾರಣೆಯಲ್ಲಿ ತೆಂಗಿನಕಾಯಿ ನೀರಿನ ಮಾತನ್ನೂ ಬಟ್ಟೆಯ ಮಾತನ್ನೂ ಅವರು ಹೇಳಿದರು. ಮೊದಲನೆಯದನ್ನು ಅವ್ವಾರ ಗೌರವದ ಹೆಸರಿನಲ್ಲಿ ಬರೆದುಕೊಳ್ಳಲಿಲ್ಲ. ಎರಡನೆಯದರ ಬಗ್ಗೆ, ಬಟ್ಟೆಯನ್ನು ಬಿಚ್ಚಿದವರು ಯಾರೆಂಬ ಒಂದೇ ಒಂದು ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಲಿಲ್ಲ. ವಾರದೊಳಗೆ ಹಾಳೆ ಬಂತು: ಹಿಂಬದಿ ದೀಪದ ನಿರ್ವಹಣೆಯಲ್ಲಿ ತೋರಿದ ಗಂಭೀರ ನಿರ್ಲಕ್ಷ್ಯದಿಂದ ಅಪಘಾತ ಸಂಭವಿಸಿದ್ದು, ಮುಖ್ಯ ಎಲೆಕ್ಟ್ರಿಷಿಯನ್ ಹುದ್ದೆಯಿಂದ ತೆಗೆದು ಹರಿಹರದ ಶೆಡ್ಡಿಗೆ ವರ್ಗಾಯಿಸಲಾಗಿದೆ. ಮೂವತ್ತು ವರ್ಷ ಬಸ್ಸಿನ ಬೆನ್ನನ್ನೇ ನೋಡಿಕೊಂಡು ಬದುಕಿದ ಮನುಷ್ಯನಿಗೆ ನಿರ್ಲಕ್ಷ್ಯವೆಂಬ ಪದ! ಬಸ್ಸಿನಡಿ ಒಂದು ದಿನವೂ ಮಲಗದವರ ಕೈ ಅದಕ್ಕೆ ಸಹಿ ಹಾಕಿತ್ತು. ಡಿಪೋದ ನಾವೆಲ್ಲ ಅಂದು ಸುಮ್ಮನಿದ್ದೆವು. ಅನ್ನದ ನೆಪ ದೊಡ್ಡದು. ಆದರೆ ದೇವರ ಮುಂದೆ ಕೈಮುಗಿದಾಗಲೆಲ್ಲ ಆ ಮೌನ ನೆನಪಾಗುತ್ತಿತ್ತೆಂಬುದನ್ನೂ ಇಲ್ಲಿ ಮುಚ್ಚಿಡಬಾರದು.

ಹರಿಹರದ ಶೆಡ್ಡಿನಲ್ಲಿ ಗೋಣೆಪ್ಪನವರಿಗೆ ಕೊಟ್ಟದ್ದು ಬ್ಯಾಟರಿಗಳಿಗೆ ನೀರು ಹಾಕಿ ಚಾರ್ಜಿಗಿಡುವ ಕೆಲಸ. ಎಂಟು ವರ್ಷ ಅದನ್ನೇ ಮಾಡಿದರು. ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಹರಿಹರೇಶ್ವರನ ಗುಡಿಗೆ ಹೋಗಿ, ಒಂದೇ ಮೈಯಲ್ಲಿ ಎರಡಾಗಿ ನಿಂತ ಸ್ವಾಮಿಗೆ ಕೈಮುಗಿದು ಶೆಡ್ಡಿಗೆ ಬರುವರು. ಯಾರ ಬಗ್ಗೆಯೂ ಕೆಟ್ಟ ಮಾತಿಲ್ಲ. ಸಿಟ್ಟು ಬಂದದ್ದು ಒಂದೇ ಸಲ. ದಾವಣಗೆರೆಯ ಡಿಪೋದ ಸುಣ್ಣದ ಗೋಡೆಯ ಮೇಲೆ ಸಂಸ್ಥೆಯವರು ತಮ್ಮದೇ ಜಾಹೀರಾತನ್ನು ಬರೆಸಿದರು, ಅದೂ ಕೆಂಪು ಬಣ್ಣದಲ್ಲಿ. ಕೆಂಪಿನ ಮೇಲೆ ಕೆಂಪು ದೀಪ ಬಿದ್ದರೆ ಕಾಣುವುದುಂಟೇ? ಸುದ್ದಿ ಕೇಳಿದ ದಿನ ಅವರು ಊಟ ಮಾಡಲಿಲ್ಲವೆಂದು ಮನೆಯವರು ಹೇಳುತ್ತಾರೆ. ತಮ್ಮನ್ನು ಹುದ್ದೆಯಿಂದ ತೆಗೆದ ದಿನವಾದರೋ ಮನೆಗೆ ಬಂದು ಎರಡು ರೊಟ್ಟಿ ಉಂಡಿದ್ದರಂತೆ.

ಆ ಶೆಡ್ಡಿಗೆ ಪ್ರತಿ ರಂಜಾನಿಗೆ ಜಮಾಲುದ್ದೀನ್ ಸಾಹೇಬರು ಹಬ್ಬದ ಶಾವಿಗೆ ಪಾಯಸ ಸುರಕುಂಬಾದ ಡಬ್ಬಿ ಹಿಡಿದು ಬರುತ್ತಾರೆ. ಒಂದು ವರ್ಷ ಅಮೀನಾಬೀಯವರೂ ಊರುಗೋಲಿನ ಮೇಲೆ ಬಂದರು. ಬ್ಯಾಟರಿಗಳ ಸಾಲನ್ನೂ, ಆಸಿಡ್ಡು ಸಿಡಿದು ತೂತುಬಿದ್ದ ಅಂಗಿಯನ್ನೂ ಬಹಳ ಹೊತ್ತು ನೋಡಿದರು.

“ಅಣ್ಣಾ, ನಮ್ದು ಕಾಲು ಹೋಯ್ತು, ನಿಮ್ದು ಹೆಸರು ಹೋಯ್ತು” ಎಂದರು. “ಕಾಲಿಗೆ ಕೋಲಾದ್ರೂ ಸಿಗ್ತೈತೆ.”

ಗೋಣೆಪ್ಪನವರು ಹಾಳೆ ವಾಪಸು ಬರಬೇಕೆಂದು ಸಂಸ್ಥೆಗೆ ಮೊದಲ ಅರ್ಜಿ ಬರೆದದ್ದು ಆ ವಾರವೇ. ಅದಾದ ಮೇಲೆ ವರ್ಷಕ್ಕೊಂದರಂತೆ ಬರೆದರು. ಯಾವುದಕ್ಕೂ ಉತ್ತರ ಬರಲಿಲ್ಲ. ಉತ್ತರದ ಬದಲು, ನಿವೃತ್ತಿ ಹತ್ತಿರವಾದಾಗ, ಅಭಿನಂದನ ಸಮಾರಂಭದ ಸುದ್ದಿ ಬಂತು. ಅವರು ಸಮಿತಿಗೆ ಹೇಳಿಕಳಿಸಿದ್ದು ಒಂದೇ ಸಾಲು: ಶಾಲು ಬ್ಯಾಡ, ಆ ಕಾಗದ ವಾಪಸ್ ತಗಳ್ಳಿ ಸಾಕು.

ಹೀಗೆ ಕಟ್ಟಿಹೋದ ದಾರಿಯನ್ನು ತೆರೆದವಳು ಸ್ವಾತಿ. ಅವ್ವಾರ ಮನೆ ಇರುವುದು ದೇವರಾಜ ಅರಸು ಬಡಾವಣೆಯಲ್ಲೇ. ಮೊಮ್ಮಗಳ ಸ್ಕೂಟರು ಕೆಟ್ಟಿತೆಂದು ಕಳೆದ ತಿಂಗಳು ಹೇಳಿಕಳಿಸಿದರು, ಸ್ವಾತಿ ಹೋದಳು. ಸಂಸ್ಥೆಯ ಅನ್ನ ತಿನ್ನದ ಅವಳಿಗೆ ಯಾರ ಹಂಗೂ ಇರಲಿಲ್ಲ. ಎಂಬತ್ತಾರು ವರ್ಷದ ಅವ್ವಾರು ಕಟ್ಟೆಯ ಮೇಲೆ ಕುಳಿತು ಅವಳ ಕೈಚಳಕ ನೋಡುತ್ತ, ಇದನ್ನೆಲ್ಲ ಯಾರು ಕಲಿಸಿದರೆಂದು ಕೇಳಿದರು. ಅವಳು ಹೆಸರು ಹೇಳಿದಳು. ಆ ಗೋಣೆಪ್ಪ ದೀಪ ಸರಿ ನೋಡದೆ ಒಬ್ಬ ಹೆಣ್ಣುಮಗಳ ಕಾಲು ತೆಗೆಸಿದನಂತಲ್ಲ ಎಂದರು ಅವ್ವಾರು. ಎಂಟು ವರ್ಷ ಅವರಿಗೆ ತಿಳಿದಿದ್ದದ್ದು ಅಷ್ಟೇ. ಸ್ವಾತಿ ಸ್ಪಾನರ್ ಕೆಳಗಿಟ್ಟು, ನೆಲದ ಮೇಲೆ ಕೂತು, ಮೊದಲಿನಿಂದ ಕೊನೆಯ ತನಕ ಹೇಳಿದಳು.

ಮುಂದಿನ ಅಮಾವಾಸ್ಯೆಗೆ ಅವ್ವಾರು ಡಿಪೋಗೆ ಬಂದರು. ಕಾಯಿಗಳ ಬುಟ್ಟಿಯನ್ನು ಕೆಳಗಿಳಿಸಲು ಬಿಡಲಿಲ್ಲ. ಹರಿಹರದಿಂದ ಗೋಣೆಪ್ಪನವರನ್ನು ಕರೆಸಿದ್ದರು. ಮಗ ಪಕ್ಕದಲ್ಲಿದ್ದರು, ಕೆಲಸಗಾರರೆಲ್ಲ ದೂರದಲ್ಲಿ ನಿಂತಿದ್ದರು.

“ಗೋಣೆಪ್ಪ, ನನ್ನ ಕಾಯಿ ನೀರಿಗೆ ದೀಪ ಆರ್ತಿತ್ತಂತೆ, ಹೌದೇನಪ್ಪಾ?”

“ಹೌದ್ರಿ ಅವ್ವಾರೆ. ನೀರಿಂದ್ಲೇ. ನಿಮ್ದು ತಪ್ಪಲ್ಲ. ನಿಮಗ ಗೊತ್ತಿರ್ಲಿಲ್ಲ.”

“ಗೊತ್ತು ಮಾಡಾಕ ಯಾರಿಗೆ ಏನಾಗಿತ್ತು?”

ನಿಮ್ಮ ಮನಸ್ಸಿಗೆ ನೋವಾದೀತೆಂದು, ಎಂದು ಬಕ್ಕೇಶಪ್ಪನವರು ತಗ್ಗಿದ ದನಿಯಲ್ಲಿ ಅಂದರು.

“ನನ್ನ ಮನಸ್ಸೇನು ಬಲ್ಬೇನೋ, ಮುಟ್ಟಿದ್ರೆ ಒಡಿಯಾಕ?” ಎಂದರು ಅವ್ವಾರು. “ನನ್ನ ಹೆಸರು ಮುಂದ ಮಾಡಿ ಎಂಟು ವರ್ಷ ಇವನ್ನ ಮೂಲೆಗೆ ಕುಂಡ್ರಿಸಿದ್ರಿ. ನಾನು ಪ್ರತಿ ತಿಂಗಳು ಬಂದು ಅದೇ ಪಾಪದ ಮ್ಯಾಲೆ ಕಾಯಿ ಒಡದು ಹೋದೆ. ಆತು. ಬಟ್ಟಿ ಬಿಚ್ಚಿದವ್ರು ಯಾರು, ಅದನ್ನ ಹೇಳ್ರಿ.”

ಎಂಟು ವರ್ಷ ಯಾರೂ ಕೇಳದ ಪ್ರಶ್ನೆ ಅದು. ಗೋಣೆಪ್ಪನವರು ತಮ್ಮ ಪೆಟ್ಟಿಗೆ ತೆರೆದು, ತಳದಿಂದ ಆ ಕೆಂಪು ಬಟ್ಟೆಯನ್ನು ತೆಗೆದು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟರು. ಮಡಿಕೆ ಹಾಗೆಯೇ ಇತ್ತು. ಮಾತಾಡಿದ್ದು ಹಿಂದೆ ನ್ಯಾಯಾಲಯದಲ್ಲಿ ಸುಳ್ಳು ಹೇಳಿದ್ದ ಮಾರುತಿ.

“ಬಿಚ್ಚಿದ್ದು ನಾನ್ರೀ ಅವ್ವಾರೆ. ಮದಿವಿ ಪಾರ್ಟಿ ಕಾಯಾಕತ್ತೈತೆ, ಬಿಚ್ಚು ಅಂದಿದ್ದು ಸಾವ್ಕಾರ್ರು.”

ಅವ್ವಾರು ಆ ಬಟ್ಟೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು, ಪ್ರಸಾದವನ್ನು ಒತ್ತಿಕೊಂಡಂತೆ. ಆಮೇಲೆ ಹತ್ತು ಹೆಜ್ಜೆ ಆಚೆಯ ಕಲ್ಲನ್ನು ತೋರಿಸಿ, ಎಲ್ಲ ಕಾಯಿಗಳನ್ನೂ ಅಲ್ಲೇ ಒಡೆಸಿದರು. ವಾರದೊಳಗೆ ಗೋಡೆಯ ಜಾಹೀರಾತಿನ ಮೇಲೆ ಸುಣ್ಣ ಬಿತ್ತು. ಬಸ್ಸುಗಳು ಒಂದೊಂದಾಗಿ ಅರ್ಧ ದಿನ ನಿಂತವು, ಪ್ರತಿ ದೀಪಕ್ಕೂ ಬೇರೆ ಅರ್ತ್ ತಂತಿ ಬಂತು. ಎಳೆದವರು ಗೋಣೆಪ್ಪನವರು, ಹಿಂದೆ ನಿಂತು ಹತ್ತಿತೆಂದು ಕೂಗಿದವಳು ಸ್ವಾತಿ. ಒಂಬತ್ತು ವರ್ಷ ಆಗದೆಂದಿದ್ದ ಕೆಲಸ ಹನ್ನೊಂದು ದಿನದಲ್ಲಿ ಮುಗಿಯಿತು. ಆಗದ್ದೇನೂ ಇರಲಿಲ್ಲ, ಮನಸ್ಸಿರಲಿಲ್ಲ ಅಷ್ಟೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಇಷ್ಟಾದ ಮೇಲೂ ಆ ಹಾಳೆ! ಈ ಲೇಖನ ಅಚ್ಚಿಗೆ ಹೋಗುವ ಮುನ್ನಾವಾರ ಗೋಣೆಪ್ಪನವರಿಗೆ ಸಂಸ್ಥೆಯಿಂದ ಒಂದು ಕಾಗದ ಬಂತು. ಸುದೀರ್ಘ ಸೇವೆಯನ್ನೂ ವಯಸ್ಸನ್ನೂ ಪರಿಗಣಿಸಿ, ಸಹಾನುಭೂತಿಯ ನೆಲೆಯಲ್ಲಿ, ಸದರಿ ನಿರ್ಲಕ್ಷ್ಯವನ್ನು ಮನ್ನಿಸಲಾಗಿದೆ ಎಂದು ಅದರಲ್ಲಿತ್ತು. ಮಾಡದ ತಪ್ಪಿಗೆ ಮನ್ನಣೆಯ ವೇಷದ ಮನ್ನಾ! ತಂದುಕೊಟ್ಟ ಗುಮಾಸ್ತರು ಶುಭಾಶಯ ಹೇಳಲು ನಿಂತಿದ್ದರು. ಗೋಣೆಪ್ಪನವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಮಡಿಕೆ ಇದ್ದಂತೆಯೇ ಮಡಚಿದರು, ಹಿಂದಕ್ಕೆ ಚಾಚಿದರು.

“ಬಲ್ಬು ಬದಲಿ ಮಾಡ್ಯಾರ, ಅರ್ತ್ ನೋಡಿಲ್ಲ. ವಾಪಸ್ ಒಯ್ಯಿರಿ” ಎಂದರು.

ಸುದ್ದಿ ತಿಳಿದ ಅವ್ವಾರು, ಸಮಾರಂಭದ ಶಾಲನ್ನು ತಮ್ಮ ಮನೆಗೆ ತರಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ತಪ್ಪು ಗೋಣೆಪ್ಪನದಲ್ಲ, ಬಟ್ಟೆ ಬಿಚ್ಚಿಸಿದವರದು ಎಂಬ ಎರಡು ಸಾಲಿನ ಕಾಗದವನ್ನು ಮಗ ಸಭೆಯಲ್ಲಿ ಎದ್ದು ನಿಂತು ಓದುವ ತನಕ ಅದು ತಮ್ಮ ಪೆಟ್ಟಿಗೆಯಿಂದ ಹೊರಬರುವುದಿಲ್ಲ ಎಂದಿದ್ದಾರೆ. ಆ ತಾಯಿಗೆ ಇಲ್ಲಿಂದಲೇ ಶರಣು.

ಶ್ರೀ ಗೋಣೆಪ್ಪನವರಿಗೆ ಹರಿಹರೇಶ್ವರನು ನೂರು ವರ್ಷದ ಆಯುಸ್ಸನ್ನು ಕೊಡಲಿ, ಬೇವಿನ ಮರದಡಿ ಕಬ್ಬಿನ ಟ್ರಾಕ್ಟರುಗಳನ್ನು ನಿಲ್ಲಿಸುವ ಕೈ ಆ ನೂರು ವರ್ಷವೂ ಗಟ್ಟಿಯಾಗಿರಲಿ, ಅವರ ಚೀಲದಲ್ಲಿ ತಂತಿ ತೀರದಿರಲಿ. ಸಮಾರಂಭದ ದಿನ ಮುಂದಿನ ಸಾಲಿನಲ್ಲಿ ಜಮಾಲುದ್ದೀನ್ ಸಾಹೇಬರೂ ಅಮೀನಾಬೀಯವರೂ ಕುಳಿತಿರುತ್ತಾರೆ. ವೇದಿಕೆಯ ಮೇಲೆ ಹಾರ ಹಾಕುವಾಗ ಗೋಣೆಪ್ಪನವರು ಒಮ್ಮೆ ಹಿಂದಕ್ಕೆ ತಿರುಗಿ ನೋಡಿಯಾರು. ಹಳೆಯ ಅಭ್ಯಾಸವೆಂದು ಯಾರೂ ನಗಬಾರದು. ಕಾಗದ ಬಂತೋ ಇಲ್ಲವೋ ಎಂದು ಅವರು ನೋಡುತ್ತಿರುತ್ತಾರೆ.